ಬೀಡಿನ ಕೈಗೆ ನಿಕ್ಕಲ್ ಜಾಬ್ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿಯ ಶೆಡ್‌ಗಳ ಮುಂದೆ ನಿಂತರೆ ಮೂಗಿಗೆ ಮೊದಲು ಬಡಿಯುವುದು ಬೀಡಿನ, ಅಂದರೆ ಎರಕದ ಕಬ್ಬಿಣದ, ಪುಡಿಯ ವಾಸನೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗತೊಡಗಿದಾಗಿನಿಂದ ಈ ಸೀಮೆಯ ಕೈ ಪಳಗಿರುವುದು ಕಬ್ಬಿಣದ ಮೇಲೆಯೇ. ನಾನೂ ಲೇತ್ ಮಷೀನಿನಲ್ಲಿ ಲೋಹ ಕಡಿಯುವುದನ್ನು ಹಾಗೆ ಕಲಿತವನು. ಈಗ ಬೆಂಗಳೂರು, ಬೆಳಗಾವಿ ಕಡೆಯಿಂದ ನಿಕ್ಕಲ್ ಮಿಶ್ರಲೋಹದ ಸಣ್ಣಪುಟ್ಟ ಜಾಬ್‌ಗಳು ಇತ್ತಲೂ ಬರುತ್ತಿವೆ. ಅವನ್ನು ಹಿಡಿದ ಹುಡುಗರೂ ಶೆಡ್ ಇಟ್ಟ ಸ್ನೇಹಿತರೂ ಫೋನ್ ಮಾಡಿ ಕೇಳುವುದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳು. ಪ್ರತಿಯೊಬ್ಬರಿಗೂ ಮಷೀನ್ ಸದ್ದಿನ ನಡುವೆ ಕೂಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ ಅನ್ನಿಸಿತು.

ಅಣ್ಣಾ, ಕಾಸ್ಟಿಂಗ್ ಹೊಡೆಯೋ ಟಿಪ್‌ನಲ್ಲೇ ಇದನ್ನೂ ಹೊಡೆದರೆ ಏನಾಗುತ್ತೆ?

ಟಿಪ್ ಅಂದರೆ ಟೂಲ್‌ನ ತುದಿಗೆ ಸಿಕ್ಕಿಸುವ, ಲೋಹ ಕಡಿಯುವ ಚೂರು. ಬೀಡಿನ ಟಿಪ್ ಇಲ್ಲಿ ಎರಡು ನಿಮಿಷ ಚೆನ್ನಾಗಿರುತ್ತದೆ. ಮೂರನೇ ನಿಮಿಷಕ್ಕೆ ಕಿಡಿ ಕಾಣುತ್ತದೆ. ಬೀಡಿಗೆ ಮಾಡಿದ ಟಿಪ್‌ಗೆ ದಪ್ಪ ಲೇಪ, ದುಂಡಗೆ ಮಾಡಿದ ಅಂಚು. ಗಟ್ಟಿ ಮೇಲ್ಪದರವನ್ನೂ ಮರಳಿನ ಕಣವನ್ನೂ ತಡೆದುಕೊಳ್ಳಲಿ ಅಂತ ಹಾಗೆ ಮಾಡಿರುತ್ತಾರೆ. ನಿಕ್ಕಲ್‌ಗೆ ಬೇಕಾದದ್ದು ಇದರ ತದ್ವಿರುದ್ಧ: ಹರಿತವಾದ ಅಂಚು, ಸಣ್ಣ ಕಣದ ಕಾರ್ಬೈಡ್, ಅದರ ಮೇಲೆ ಪಿವಿಡಿ ವಿಧಾನದ (ಆವಿಯಿಂದ ಕೂರಿಸಿದ) ತೆಳು ಲೇಪ. ಡಬ್ಬಿಯ ಮೇಲೆ ಎಸ್ ಗುಂಪು ಅಂತ ಇರಬೇಕು. ಬೀಡಿನದು ಕೆ, ಉಕ್ಕಿನದು ಪಿ, ಸ್ಟೇನ್‌ಲೆಸ್‌ನದು ಎಂ. ಕೈಯಲ್ಲಿ ಎಂ ಗುಂಪಿನ ಹರಿತ ಟಿಪ್ ಮಾತ್ರ ಇದ್ದರೆ ಒಂದು ದಿನ ಸುಧಾರಿಸಬಹುದು. ಕೆ ಗುಂಪಿನದನ್ನು ಹಾಕಬೇಡಿ.

ಇನ್‌ಕೊನೆಲ್, ನಿಮೋನಿಕ್, ಸೂಪರ್ನಿ ಎಲ್ಲ ಒಂದೇನಾ?

ಒಂದೇ ಮನೆತನ, ಬೇರೆ ಬೇರೆ ಹೆಸರು. ಇನ್‌ಕೊನೆಲ್, ನಿಮೋನಿಕ್ ಎರಡೂ ವ್ಯಾಪಾರದ ಹೆಸರುಗಳು. ಸೂಪರ್ನಿ ಅಂದರೆ ಹೈದರಾಬಾದಿನ ಮಿಧಾನಿ ಇಟ್ಟ ಹೆಸರು. ನಮ್ಮ ಕಡೆ ಹೆಚ್ಚಾಗಿ ಬರುವುದು 718. ಅದರಲ್ಲಿ ನಿಕ್ಕಲ್ ಶೇ. 50ರಿಂದ 55, ಕ್ರೋಮಿಯಂ ಶೇ. 17ರಿಂದ 21, ನಿಯೋಬಿಯಂ ಶೇ. 5ರ ಆಸುಪಾಸು, ಜೊತೆಗೆ ಮಾಲಿಬ್ಡಿನಂ, ಟೈಟಾನಿಯಂ, ಅಲ್ಯೂಮಿನಿಯಂ. ಮಿಕ್ಕಿದ್ದು ಕಬ್ಬಿಣ. ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್‌ಗೆ ನಿಮೋನಿಕ್ 80ಎ ಬಳಸುತ್ತಾರೆ. ಟರ್ಬೋಚಾರ್ಜರ್‌ನ ಬಿಸಿ ಚಕ್ರ ಬಹುತೇಕ 713ಸಿ ಎರಕ.

ಹೆಸರಿಗಿಂತ ಮುಖ್ಯವಾಗಿ ಕೇಳಬೇಕಾದ್ದು ಬಾರ್ ಯಾವ ಸ್ಥಿತಿಯಲ್ಲಿದೆ ಅಂತ. 718 ಹದಗೊಳಿಸಿ ಮೆತ್ತಗಿದ್ದಾಗ ಒಂದು ತರ. ಏಜಿಂಗ್ ಮಾಡಿ (ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿಮಾಡಿ) ಗಟ್ಟಿತನದ ಅಳತೆಯಲ್ಲಿ ಸುಮಾರು 40 ಎಚ್‌ಆರ್‌ಸಿ ಮುಟ್ಟಿದಾಗ ಇನ್ನೊಂದು ತರ. ಸರ್ಟಿಫಿಕೇಟ್ ನೋಡದೆ ಸ್ಪೀಡ್ ಹಾಕುವುದು ಅಂದರೆ ಮಳೆಗಾಲದಲ್ಲಿ ಹೊಳೆ ಆಳ ನೋಡದೆ ಇಳಿದ ಹಾಗೆ.

ಟಿಪ್ ಯಾಕೆ ಇಷ್ಟು ಬೇಗ ಹೋಗುತ್ತೆ? ಬೀಡಿಗಿಂತ ಏನು ಅಷ್ಟೊಂದು ಗಟ್ಟಿ?

ಗಟ್ಟಿತನವೇ ಕಾರಣವಾಗಿದ್ದರೆ ಸುಲಭವಿತ್ತು. 40 ಎಚ್‌ಆರ್‌ಸಿ ಇರುವ ಉಕ್ಕನ್ನು ನಾವು ಲೀಲಾಜಾಲವಾಗಿ ಹೊಡೆಯುತ್ತೇವೆ. ಇಲ್ಲಿರುವುದು ನಾಲ್ಕು ಕಾಟ, ನಾಲ್ಕೂ ಒಟ್ಟಿಗೆ.

ಮೊದಲನೆಯದು ಬಿಸಿ. ಈ ಲೋಹ ಹುಟ್ಟಿದ್ದೇ ಬಿಸಿಯಲ್ಲಿ ಬಲ ಬಿಡದಿರಲಿ ಅಂತ. 718 ಸುಮಾರು 650 ಡಿಗ್ರಿವರೆಗೆ ಜಗ್ಗುವುದಿಲ್ಲ. ಉಕ್ಕು ಕಡಿಯುವಾಗ ಬಿಸಿಯಾದ ಲೋಹ ಟಿಪ್‌ನ ಮುಂದೆ ಮೆತ್ತಗಾಗಿ ನಮಗೆ ಸಹಾಯ ಮಾಡುತ್ತದೆ. ಇದು ಮೆತ್ತಗಾಗುವುದಿಲ್ಲ. ಅದರ ಮೇಲೆ, ಹುಟ್ಟಿದ ಬಿಸಿ ಹರಿದು ಹೋಗುವ ದಾರಿಯೂ ಕಿರಿದು. ಬೀಡಿನ ಉಷ್ಣವಾಹಕತೆ 50ರ ಆಸುಪಾಸು ಅಂದರೆ 718ರದು ಬರೀ 11. ಬಿಸಿ ಜಾಬ್‌ಗೂ ಹೋಗದು, ಕಡಿದು ಬಂದ ಸುರುಳಿಯ ಜೊತೆಗೂ ಪೂರ್ತಿ ಹೋಗದು, ಟಿಪ್‌ನ ಮೂಗಿನ ತುದಿಯಲ್ಲೇ ಕೂರುತ್ತದೆ. ಕಾರ್ಬೈಡ್ ಕಣಗಳನ್ನು ಹಿಡಿದಿಟ್ಟ ಕೋಬಾಲ್ಟ್ ಅಲ್ಲಿ ಮೆತ್ತಗಾಗುತ್ತದೆ.

ಎರಡನೆಯದು ಅಂಟು. ಹಲಸಿನ ಹಣ್ಣು ಬಿಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕತ್ತಿಗೆ ಎಣ್ಣೆ ಸವರದೆ ಕೊಯ್ದರೆ ಮೇಣ ಅಲಗಿಗೆ ಅಂಟುತ್ತದೆ, ಆಮೇಲೆ ಕೊಯ್ಯುವುದು ಕತ್ತಿಯಲ್ಲ, ಮೇಣದ ಮುದ್ದೆ. ನಿಕ್ಕಲ್ ಕೂಡ ಒತ್ತಡಕ್ಕೆ ಟಿಪ್‌ನ ಅಂಚಿಗೆ ಬೆಸೆದುಕೊಂಡು ಮುದ್ದೆ ಕಟ್ಟುತ್ತದೆ. ಆ ಮುದ್ದೆ ಆಗಾಗ ಕಿತ್ತುಹೋಗುವಾಗ ಲೇಪವನ್ನೂ ಚೂರು ಕಾರ್ಬೈಡನ್ನೂ ಕಿತ್ತುಕೊಂಡೇ ಹೋಗುತ್ತದೆ. ಫಿನಿಶ್ ಮೇಲೆ ಕಾಣುವ ಸಣ್ಣ ಸಣ್ಣ ಹುರುಕು ಬಹುಪಾಲು ಈ ಮುದ್ದೆಯ ಚೂರುಗಳೇ.

ಮೂರನೆಯದು, ಕಡಿದಷ್ಟೂ ಮೇಲ್ಪದರ ಗಟ್ಟಿಯಾಗುವ ಗುಣ. ಹಿಂದಿನ ಪಾಸ್ (ಜಾಬ್ ಮೇಲೆ ಟೂಲ್‌ನ ಒಂದು ಓಟ) ಬಿಟ್ಟುಹೋದ ಮೇಲ್ಮೈ ಒಳಗಿನ ಲೋಹಕ್ಕಿಂತ ಗಟ್ಟಿ. ನಾಲ್ಕನೆಯದು, ಲೋಹದೊಳಗೇ ಚದುರಿರುವ ನಿಯೋಬಿಯಂ, ಟೈಟಾನಿಯಂ ಕಾರ್ಬೈಡ್ ಕಣಗಳು. ಅಕ್ಕಿಯಲ್ಲಿ ಕಲ್ಲಿದ್ದಂತೆ ಅವು ಅಂಚನ್ನು ಉಜ್ಜುತ್ತವೆ.

ಎಷ್ಟು ಸ್ಪೀಡ್ ಹಾಕೋಣ?

ಏಜಿಂಗ್ ಆದ 718ಕ್ಕೆ ಲೇಪವಿರುವ ಕಾರ್ಬೈಡ್‌ನಲ್ಲಿ ನಿಮಿಷಕ್ಕೆ 30ರಿಂದ 50 ಮೀಟರ್. ನಾನು 40ರಲ್ಲಿ ಶುರುಮಾಡುತ್ತೇನೆ. 60 ಮಿ.ಮೀ. ವ್ಯಾಸದ ಬಾರ್‌ಗೆ ಅದು 212 ಆರ್‌ಪಿಎಂ. ಬೀಡಿಗೆ 200 ಮೀಟರ್ ಹಾಕಿ ರೂಢಿಯಾದ ಹುಡುಗರಿಗೆ ಈ ವೇಗ ನೋಡಿದರೆ ನಿದ್ದೆ ಬರುತ್ತದೆ. ಬರಲಿ.

ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ 1907ರಲ್ಲಿ ಪ್ರಕಟಿಸಿದ ಲೆಕ್ಕ ಇವತ್ತಿಗೂ ನಡೆಯುತ್ತದೆ: ವೇಗ ಸ್ವಲ್ಪ ಏರಿದರೆ ಟೂಲ್‌ನ ಆಯುಷ್ಯ ಬಹಳ ಇಳಿಯುತ್ತದೆ. ಕಾರ್ಬೈಡ್‌ಗೆ ಆ ಸೂತ್ರದ ಘಾತವನ್ನು ಸುಮಾರು 0.25 ಅಂತ ಹಿಡಿದರೆ, ವೇಗ ಶೇ. 20 ಏರಿಸಿದಾಗ ಆಯುಷ್ಯ ಅರ್ಧಕ್ಕಿಂತಲೂ ತುಸು ಕೆಳಗೆ ಬರುತ್ತದೆ. 40ರ ಬದಲು 48 ಮೀಟರ್ ಹಾಕಿದ್ದಕ್ಕೆ ಅಷ್ಟೇ ನಿಮಿಷದ ಕಡಿತಕ್ಕೆ ಎರಡು ಪಟ್ಟು ಟಿಪ್. ಅವಸರವಿದ್ದರೆ ಸ್ಪೀಡ್ ಮುಟ್ಟಬೇಡಿ, ಡೆಪ್ತ್ (ಒಂದು ಪಾಸ್‌ಗೆ ಕಡಿಯುವ ಆಳ) ಏರಿಸಿ. ಟಿಪ್‌ನ ಆಯುಷ್ಯಕ್ಕೆ ಡೆಪ್ತ್ ಮಾಡುವ ಹಾನಿ ಸ್ಪೀಡ್, ಫೀಡ್ (ಜಾಬ್ ಒಂದು ಸುತ್ತು ತಿರುಗುವಾಗ ಟೂಲ್ ಸರಿಯುವ ಮಿ.ಮೀ.), ಡೆಪ್ತ್ ಈ ಮೂರರಲ್ಲೇ ಕಡಿಮೆ.

ಹಾಗಾದ್ರೆ ಟೂಲ್ ಉಳಿಸೋಕೆ ಫೀಡೂ ಡೆಪ್ತೂ ಕಡಿಮೆ ಇಡೋದೇ ಒಳ್ಳೇದಲ್ವಾ?

ಅಲ್ಲವೇ ಅಲ್ಲ ಮಾರಾಯ. ಬೀಡಿನ ಕೈಗಳು ಎಡವುವುದೇ ಇಲ್ಲಿ. ಫೀಡ್ 0.03, 0.04ಕ್ಕೆ ಇಳಿಸಿದರೆ ಟಿಪ್ ಕಡಿಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯ ಜೊತೆ ಗಟ್ಟಿ ಪದರ. ಮುಂದಿನ ಪಾಸ್ ಆ ಗಟ್ಟಿ ಪದರದೊಳಗೇ ಓಡಬೇಕು. ಫೀಡ್ 0.1ಕ್ಕಿಂತ ಕೆಳಗೆ ಇಳಿಸುವ ಮುನ್ನ ಎರಡು ಸಲ ಯೋಚಿಸಿ. ರಫಿಂಗ್‌ಗೆ (ಮೊದಲ ಒರಟು ಕಡಿತಕ್ಕೆ) 0.15ರಿಂದ 0.25. ಫಿನಿಶಿಂಗ್ ಪಾಸ್‌ಗೆ ಕನಿಷ್ಠ 0.2, 0.25 ಮಿ.ಮೀ. ಲೋಹ ಬಿಡಿ, ಟಿಪ್‌ನ ಮೂಗು ಗಟ್ಟಿ ಪದರದ ಕೆಳಗೆ ಹೋಗಲಿ.

ಇನ್ನೊಂದು ಕೆಟ್ಟ ಚಾಳಿ ‘ಖಾಲಿ ಪಾಸ್’. ಸೈಜ್ ಎರಡು ಮೈಕ್ರಾನ್ ಉಳಿದಿದೆ ಅಂತ ಅದೇ ಆಫ್‌ಸೆಟ್‌ನಲ್ಲಿ (ಟೂಲ್‌ನ ಜಾಗ ಬದಲಿಸದೆ) ಇನ್ನೊಮ್ಮೆ ಓಡಿಸುವುದು. ಬೀಡಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಅದೊಂದೇ ಪಾಸ್ ಹೊಸ ಟಿಪ್ಪನ್ನೂ ಜಾಬನ್ನೂ ಒಟ್ಟಿಗೆ ಕೆಡಿಸಬಲ್ಲದು. ಮೂಲೆಗೆ ಬಂದು ಟೂಲ್ ಒಂದು ಕ್ಷಣ ನಿಲ್ಲುವುದೂ ಇದೇ ಜಾತಿಯ ತಪ್ಪು. ಪ್ರೋಗ್ರಾಂನಲ್ಲಿ ಡ್ವೆಲ್ ಇದ್ದರೆ ತೆಗೆದುಹಾಕಿ.

ಟಿಪ್ ಮೂಗು ಚೆನ್ನಾಗಿದೆ, ಆದ್ರೆ ಸ್ವಲ್ಪ ಹಿಂದೆ ಇಲಿ ಕಡಿದ ಹಾಗೆ ಕಚ್ಚು ಬೀಳುತ್ತೆ. ಯಾಕೆ?

ಡೆಪ್ತ್‌ನ ಗೆರೆ ಅದು. ಜಾಬ್‌ನ ಹೊರ ಮೇಲ್ಮೈ ಟಿಪ್ಪನ್ನು ಮುಟ್ಟುವುದು ಅದೊಂದೇ ಜಾಗದಲ್ಲಿ. ಗಟ್ಟಿ ಪದರ, ಬರ್ (ಅಂಚಿನಲ್ಲಿ ಎದ್ದ ಲೋಹದ ಮುಳ್ಳು), ಗಾಳಿಯ ಆಮ್ಲಜನಕ ಎಲ್ಲವೂ ಸೇರಿ ಅಲ್ಲೇ ಕೊರೆಯುತ್ತವೆ. ಉಪಾಯಗಳು ಮೂರ್ನಾಲ್ಕಿವೆ. ಒಂದೇ ಡೆಪ್ತ್‌ನಲ್ಲಿ ನಾಲ್ಕು ಪಾಸ್ ಓಡಿಸುವ ಬದಲು ಡೆಪ್ತ್ ಬದಲಿಸುತ್ತ ಹೋಗಿ: 2, 1.7, 1.4 ಹೀಗೆ. ಆಗ ಕಚ್ಚು ಒಂದೇ ಕಡೆ ಆಳಕ್ಕೆ ಇಳಿಯುವುದಿಲ್ಲ. ಜಾಬ್‌ನ ಆಕಾರ ಬಿಟ್ಟರೆ ಶೋಲ್ಡರ್ ಟೂಲ್ ಬದಲು 45 ಡಿಗ್ರಿ ಹೋಲ್ಡರ್ ಅಥವಾ ದುಂಡು ಟಿಪ್ ಹಾಕಿ. ಒತ್ತಡ ಉದ್ದನೆಯ ಅಂಚಿನ ಮೇಲೆ ಹರಡುತ್ತದೆ, ಸುರುಳಿ ತೆಳುವಾಗುತ್ತದೆ. ರಫಿಂಗ್‌ನಲ್ಲಿ ದುಂಡು ಟಿಪ್ ಎಷ್ಟು ಕೆಲಸ ಮಾಡುತ್ತದೆಂದು ಒಮ್ಮೆ ನೋಡಿದರೆ ನೀವೇ ಮತ್ತೆ ಮತ್ತೆ ತರಿಸುತ್ತೀರಿ. ಆದರೆ ತೆಳು ಗೋಡೆಯ ರಿಂಗ್‌ಗೆ ಅದು ಬೇಡ. ತಳ್ಳುವ ಬಲ ಹೆಚ್ಚಾಗಿ ಜಾಬ್ ನಡುಗುತ್ತದೆ.

ಟಿಪ್ ಯಾವಾಗ ಬದಲಿಸಬೇಕು? ಸದ್ದು ಕೇಳಿ ಗೊತ್ತಾಗಲ್ವಾ?

ಬೀಡಿನಲ್ಲಿ ಗೊತ್ತಾಗುತ್ತದೆ. ಇಲ್ಲಿ ಸದ್ದು ಬದಲಾಗುವ ಹೊತ್ತಿಗೆ ಮಿಂಚಿಹೋಗಿರುತ್ತದೆ.

ಅಡಿಕೆ ಸುಲಿಯುವವರನ್ನು ನೋಡಿ. ಮೆಟ್ಟುಗತ್ತಿ ಪೂರ್ತಿ ಮೊಂಡಾಗುವ ತನಕ ಯಾರೂ ಕಾಯುವುದಿಲ್ಲ. ಸಿಪ್ಪೆ ಬಿಡಿಸುವಾಗ ಕೈಗೆ ಚೂರು ಭಾರ ಅನ್ನಿಸಿದೊಡನೆ ಮಸೆಯುತ್ತಾರೆ. ಮೊಂಡಾದ ಮೇಲೆ ಸುಲಿದರೆ ಹಾಳಾಗುವುದು ಕತ್ತಿಯಲ್ಲ, ಅಡಿಕೆ. ನಮ್ಮ ಲೆಕ್ಕವೂ ಅದೇ. ಐಎಸ್‌ಒ ಮಾನದಂಡದಲ್ಲಿ ಟಿಪ್‌ನ ಪಕ್ಕದ ಸವೆತ ಸರಾಸರಿ 0.3 ಮಿ.ಮೀ. ಮುಟ್ಟಿದರೆ ಆಯುಷ್ಯ ಮುಗಿಯಿತು ಅಂತ. ಅದು ಟೂಲ್‌ಗಳ ಪರೀಕ್ಷೆಗೆ ಹಾಕಿಕೊಂಡ ಗೆರೆ. ನಿಕ್ಕಲ್‌ನ ಫಿನಿಶಿಂಗ್‌ನಲ್ಲಿ ನಾನು 0.15ಕ್ಕೇ ಟಿಪ್ಪನ್ನು ಹೊಸ ಅಂಚಿಗೆ ತಿರುಗಿಸುತ್ತೇನೆ, ರಫಿಂಗ್‌ನಲ್ಲಿ 0.2, 0.25ಕ್ಕೆ. ನೋಡುವುದು ಹೇಗೆ? 20 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಕಂಪ್ಯೂಟರ್‌ಗೆ ಸಿಕ್ಕಿಸುವ ಚಿಕ್ಕ ಮೈಕ್ರೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು, ಫೋಟೋ ಇಟ್ಟುಕೊಳ್ಳಬಹುದು.

ಆಪರೇಟರ್‌ಗೆ ‘ನೋಡಿಕೊಂಡು ಬದಲಿಸು’ ಅಂತ ಹೇಳಬೇಡಿ, ಕಡಿಯುವ ನಿಮಿಷ ಗೊತ್ತುಮಾಡಿ ಕೊಡಿ. ಮೊದಲ ಟಿಪ್ಪನ್ನು ಮೂರು ಮೂರು ನಿಮಿಷಕ್ಕೊಮ್ಮೆ ತೆಗೆದು ಸವೆತ ಅಳೆಯಿರಿ. ಸವೆತ ಓಡಲು ಶುರುಮಾಡುವ ನಿಮಿಷ ಸಿಕ್ಕಿದರೆ ಅದಕ್ಕಿಂತ ಎರಡು ನಿಮಿಷ ಹಿಂದೆ ಗೆರೆ ಎಳೆಯಿರಿ. 60 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದ, 40 ಮೀಟರ್ ವೇಗ, 0.15 ಫೀಡ್ ಆದರೆ ಒಂದು ಪಾಸ್‌ಗೆ ಮೂರು ನಿಮಿಷಕ್ಕೆ ತುಸು ಹೆಚ್ಚು ಬೇಕು. ಹನ್ನೆರಡು ನಿಮಿಷ ಬಾಳುವ ಅಂಚಿಗೆ ಸುಮಾರು ನಾಲ್ಕು ಪಾಸ್. ಐದನೆಯದನ್ನು ಅರ್ಧ ಓಡಿಸಿ ಮಧ್ಯದಲ್ಲಿ ಟಿಪ್ ಬದಲಿಸಿದರೆ ಜಾಬ್ ಮೇಲೆ ಮೆಟ್ಟಿಲು ಬೀಳುತ್ತದೆ. ಪಾಸ್ ಶುರುಮಾಡುವ ಮುಂಚೆಯೇ ಬದಲಿಸಿ.

ಆರ್‌ಎ 0.8 ಕೇಳಿದ್ದಾರೆ. ಯಾವ ಫೀಡ್, ಯಾವ ನೋಸ್ ರೇಡಿಯಸ್?

ಆರ್‌ಎ ಅಂದರೆ ಮೇಲ್ಮೈ ಒರಟುತನದ ಸರಾಸರಿ, ಮೈಕ್ರಾನ್‌ನಲ್ಲಿ. ನೋಸ್ ರೇಡಿಯಸ್ ಅಂದರೆ ಟಿಪ್‌ನ ಮೂಗಿನ ದುಂಡಿನ ತ್ರಿಜ್ಯ, ಮಿ.ಮೀ.ನಲ್ಲಿ. ಸುಲಭ ಲೆಕ್ಕ: ಫೀಡನ್ನು ಅದರಿಂದಲೇ ಗುಣಿಸಿ, ನೋಸ್ ರೇಡಿಯಸ್‌ನ 32 ಪಟ್ಟಿನಿಂದ ಭಾಗಿಸಿ. 0.8 ರೇಡಿಯಸ್‌ಗೆ 0.2 ಫೀಡ್ ಹಾಕಿದರೆ 1.56 ಮೈಕ್ರಾನ್ ಬರುತ್ತದೆ. 0.15ಕ್ಕೆ 0.88. 0.1ಕ್ಕೆ 0.39. ಕಾಗದದ ಮೇಲಿನ ಲೆಕ್ಕ ಇಷ್ಟು. ಮಷೀನ್ ಮೇಲೆ ಅಂಟು, ನಡುಕ, ಸವೆತ ಸೇರಿ ಸಂಖ್ಯೆ ಇದಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ 0.8 ಕೇಳಿದ್ದರೆ ಲೆಕ್ಕದಲ್ಲಿ 0.4, 0.5 ಬರುವ ಫೀಡ್ ಹಿಡಿಯಿರಿ, ಅಂದರೆ 0.1, 0.11. ರೇಡಿಯಸ್ 1.2ಕ್ಕೆ ಏರಿಸಿದರೆ ಫೀಡ್ ಇಳಿಸದೆಯೂ ಫಿನಿಶ್ ಬರುತ್ತದೆ, ಆದರೆ ಸಪೂರ ಜಾಬ್ ಆದರೆ ಚಾಟರ್ (ನಡುಕದ ಗುರುತು) ಬರುತ್ತದೆ. ನನ್ನ ಆಯ್ಕೆ ಬಹುತೇಕ 0.8.

ರಫ್‌ನೆಸ್ ಟೆಸ್ಟರ್‌ನ ಕಟ್-ಆಫ್ (ಒಂದು ಸಲಕ್ಕೆ ಲೆಕ್ಕಕ್ಕೆ ಹಿಡಿಯುವ ಮೇಲ್ಮೈಯ ಉದ್ದ) 0.8 ಮಿ.ಮೀ.ಗೆ ಇಡಿ. ಬೀಡಿನ ಒರಟು ಮುಖ ಅಳೆಯಲು 2.5 ಇಟ್ಟಿದ್ದವರು ಅದನ್ನು ಬದಲಿಸದೆ ಅಳೆದು ಜಗಳವಾಡಿದ್ದನ್ನು ನೋಡಿದ್ದೇನೆ.

ಟೆಸ್ಟರ್ ಒಳ್ಳೆ ರೀಡಿಂಗ್ ಕೊಡ್ತು, ಜಾಬ್ ಕನ್ನಡಿ ತರ ಹೊಳೀತಿತ್ತು. ಆದ್ರೂ ಕಸ್ಟಮರ್ ರಿಜೆಕ್ಟ್ ಮಾಡಿದ. ನ್ಯಾಯಾನಾ?

ನ್ಯಾಯವೇ. ನನಗೂ ಆಗಿದೆ. ಮೊದಮೊದಲು ತೆಗೆದುಕೊಂಡ ಜಾಬ್ ಒಂದರಲ್ಲಿ ಕೊನೆಯ ನಾಲ್ಕು ರಿಂಗ್‌ಗಳು ಮೊದಲಿನವಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಆರ್‌ಎ ಕೂಡ ಇಳಿದಿತ್ತು. ಟಿಪ್ ‘ಸೆಟ್ ಆಗಿದೆ’ ಅಂತ ಹಿಗ್ಗಿ ಬದಲಿಸದೆ ಓಡಿಸಿದೆ. ಅವರು ಒಂದು ರಿಂಗನ್ನು ಅಡ್ಡ ಕೊಯ್ದು, ಪಾಲಿಶ್ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರಂತೆ. ಮೇಲ್ಪದರದ ಕಣಗಳು ಗಾಳಿಗೆ ಬಾಗಿದ ಭತ್ತದ ಪೈರಿನ ಹಾಗೆ ಒಂದೇ ಕಡೆ ಎಳೆದುಕೊಂಡಿದ್ದವು. ನಾಲ್ಕೂ ರಿಂಗ್ ವಾಪಸ್ ಬಂದವು. ಬಾರ್‌ನ ಬೆಲೆ ನನ್ನ ತಲೆಯ ಮೇಲೆ.

ಆಗಿದ್ದೇನೆಂದರೆ, ಸವೆದು ಚಪ್ಪಟೆಯಾದ ಟಿಪ್ ಫೀಡ್ ಗೆರೆಗಳ ತುದಿಯನ್ನು ಒತ್ತಿ ಒರೆಸಿಬಿಡುತ್ತದೆ, ಗಾರೆಯವನು ಕರಣೆ ಎಳೆದ ಹಾಗೆ. ಟೆಸ್ಟರ್‌ನ ಸೂಜಿಗೆ ಕಾಣುವುದು ಏರಿಳಿತ ಮಾತ್ರ. ಒರೆಸಿದ ಪದರದ ಕೆಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸವೆದ ಟಿಪ್‌ನ ಬಿಸಿ ಮೇಲ್ಪದರದಲ್ಲಿ ಎಳೆತದ ಒತ್ತಡ ಉಳಿಸಿಹೋಗುತ್ತದೆ. ತಿರುಗಿ ತಿರುಗಿ ಬಿಸಿಯಾಗುವ ಭಾಗದಲ್ಲಿ ಬಿರುಕು ಹುಟ್ಟುವುದು ಅಂಥ ಕಡೆಯೇ. ಅದಕ್ಕೇ ಹೊಸ ಟಿಪ್‌ನ ಮಾಸಲು, ಸಮ ಗೆರೆಯ ಫಿನಿಶ್ ನನಗೆ ಈಗ ಇಷ್ಟ. ಬ್ಯಾಚ್ ಮಧ್ಯದಲ್ಲಿ ರೀಡಿಂಗ್ ಇದ್ದಕ್ಕಿದ್ದಂತೆ ‘ಸುಧಾರಿಸಿದರೆ’ ಮಷೀನ್ ನಿಲ್ಲಿಸಿ ಟಿಪ್ ನೋಡಿ.

ಕೂಲಂಟ್ ವಿಷಯದಲ್ಲಿ ಏನು ಮಾಡಬೇಕು?

ಶೇ. 8ರಿಂದ 10 ಎಮಲ್ಷನ್ (ನೀರಿನಲ್ಲಿ ಬೆರೆಸಿದ ಎಣ್ಣೆ), ಅದರ ಗಾಢತೆ ತೋರಿಸುವ ರಿಫ್ರಾಕ್ಟೋಮೀಟರ್‌ನಲ್ಲಿ ದಿನಾ ನೋಡಿ. ಧಾರೆ ಸರಿಯಾಗಿ ಅಂಚಿನ ಮೇಲೇ ಬೀಳಬೇಕು, ಎಡೆಬಿಡದೆ ಬೀಳಬೇಕು. ಬಿಟ್ಟು ಬಿಟ್ಟು ಬಿದ್ದರೆ ಬಿಸಿ-ತಂಪಿನ ಹೊಡೆತಕ್ಕೆ ಕಾರ್ಬೈಡ್ ಸೀಳುತ್ತದೆ. 70 ಬಾರ್ ಒತ್ತಡದ ಪಂಪ್ ಇದ್ದವರು ಪುಣ್ಯವಂತರು, ಸುರುಳಿಯನ್ನು ಅದೇ ಮುರಿದುಕೊಡುತ್ತದೆ.

ನಮ್ಮೂರಿನದೇ ಎರಡು ತಾಪತ್ರಯ. ‘ಗಂಗಾ ಸ್ನಾನ, ತುಂಗಾ ಪಾನ’ ಅನ್ನುತ್ತಾರೆ, ನಿಜ. ಆದರೆ ಹೊಳೆಯ ಮೆದು ನೀರಿನಲ್ಲಿ ಕೂಲಂಟ್ ನೊರೆ ಕಟ್ಟುತ್ತದೆ, ಒತ್ತಡದ ಪಂಪ್ ಇದ್ದರಂತೂ ಹೇಳುವುದೇ ಬೇಡ. ಗಡಸು ಬೋರ್‌ವೆಲ್ ನೀರಿನಲ್ಲಿ ಕೆನೆ ಕಟ್ಟುತ್ತದೆ. ಎಣ್ಣೆ ಕೊಡುವವರಿಗೆ ನೀರು ಯಾವುದೆಂದು ಮೊದಲೇ ತಿಳಿಸಿ. ಇನ್ನೊಂದು, ಮಳೆಗಾಲದ ಥಂಡಿಯಲ್ಲಿ ಎರಡು ದಿನ ಮಷೀನ್ ನಿಂತರೆ ಟ್ಯಾಂಕ್ ನಾರುತ್ತದೆ. ಮೇಲೆ ತೇಲುವ ಸ್ಲೈಡ್‌ವೇ (ಮಷೀನ್ ಜಾರುವ ಹಳಿಯ) ಎಣ್ಣೆ ತೆಗೆಯಿರಿ, ರಜೆಯಲ್ಲೂ ಸ್ವಲ್ಪ ಹೊತ್ತು ಪಂಪ್ ಓಡಿಸಿ.

ನಿನ್ನೆವರೆಗೆ ಬೀಡು ಹೊಡೆದ ಮಷೀನ್ ಆದರೆ ಟ್ಯಾಂಕ್ ಪೂರ್ತಿ ಬಳಿದು ತೊಳೆಯಿರಿ. ಬೀಡಿನ ಪುಡಿ ಕೂಲಂಟ್ ಜೊತೆ ಬಂದು ಮೇಲ್ಮೈ ಗೀರುತ್ತದೆ, ಅಂಟಿಕೊಂಡು ತುಕ್ಕಿನ ಚುಕ್ಕೆ ಬಿಡುತ್ತದೆ. ‘ನಿಕ್ಕಲ್‌ಗೆ ತುಕ್ಕು ಹಿಡಿದಿದೆ’ ಅಂತ ಬರುವ ದೂರುಗಳಲ್ಲಿ ಎಷ್ಟೋ ನಮ್ಮದೇ ಕಬ್ಬಿಣದ ತುಕ್ಕು. ಗಂಧಕ ಇರುವ ಕಟಿಂಗ್ ಆಯಿಲ್ ಬಳಸಿದ್ದರೆ ಹೀಟ್ ಟ್ರೀಟ್‌ಮೆಂಟ್‌ಗೆ ಕಳಿಸುವ ಮುನ್ನ ಚೆನ್ನಾಗಿ ತೊಳೆಯಲೇಬೇಕು. ಬಿಸಿಯಲ್ಲಿ ಗಂಧಕ ನಿಕ್ಕಲನ್ನು ತಿನ್ನುತ್ತದೆ.

ಪಾಸ್ ಮಧ್ಯೆ ಕರೆಂಟ್ ಹೋದ್ರೆ?

ಜುಲೈ ತಿಂಗಳ ಖಾಯಂ ಪ್ರಶ್ನೆ. ಜಾಬ್ ತಿರುಗಿಸುವ ಸ್ಪಿಂಡಲ್ ನಿಂತಾಗ ಟಿಪ್ ಜಾಬ್‌ಗೆ ಕಚ್ಚಿಕೊಂಡಿರುತ್ತದೆ. ಕರೆಂಟ್ ಬಂದ ಕೂಡಲೇ ಸೈಕಲ್ ಸ್ಟಾರ್ಟ್ ಒತ್ತಬೇಡಿ. ಸ್ಪಿಂಡಲನ್ನು ಕೈಯಿಂದ ತುಸು ತಿರುಗಿಸಿ ಟಿಪ್ ಬಿಡಿಸಿ, ಎಕ್ಸ್ ಅಕ್ಷದಲ್ಲಿ ಹಿಂದೆ ತೆಗೆಯಿರಿ. ಆ ಅಂಚನ್ನು ಮತ್ತೆ ಬಳಸಬೇಡಿ, ಕಣ್ಣಿಗೆ ಚೆನ್ನಾಗಿ ಕಂಡರೂ ಸರಿ. ನಿಂತ ಜಾಗದಲ್ಲಿ ಗಟ್ಟಿ ಗುರುತು ಉಳಿದಿರುತ್ತದೆ, ಹೊಸ ಅಂಚಿನಿಂದ ಪಾಸ್‌ನ ಶುರುವಿನಿಂದಲೇ ಮತ್ತೆ ಬನ್ನಿ. ಫಿನಿಶಿಂಗ್ ಪಾಸ್‌ನಲ್ಲಿ ನಿಂತಿದ್ದರೆ ಕಸ್ಟಮರ್‌ಗೆ ಹೇಳಿಬಿಡಿ. ಮುಗಿಲು ಕಪ್ಪಾದ ದಿನ ನಾನು ಫಿನಿಶಿಂಗ್ ಶುರುಮಾಡುವುದೇ ಇಲ್ಲ.

ಡ್ರಿಲ್ಲಿಂಗ್, ಟ್ಯಾಪಿಂಗ್?

ಹರಿತವಾದ ಸಾಲಿಡ್ ಕಾರ್ಬೈಡ್ ಡ್ರಿಲ್, ಒಳಗಿನಿಂದ ಕೂಲಂಟ್, ಒಂದೇ ಉಸಿರಿಗೆ ತಳ ಮುಟ್ಟಿಸಿ. ಸ್ವಲ್ಪ ಹೋಗಿ ವಾಪಸ್ ಬರುವ ಪೆಕ್ ಸೈಕಲ್ ಆದಷ್ಟು ಬೇಡ, ಪ್ರತಿ ಸಲವೂ ಗಟ್ಟಿಯಾದ ತಳಕ್ಕೆ ಡ್ರಿಲ್ ಬಡಿಯುತ್ತದೆ. ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ಒಳಗೇ ಮುರಿದರೆ ತೆಗೆಯಲು ಸ್ಪಾರ್ಕ್ ಇರೋಷನ್‌ಗೆ (ವಿದ್ಯುತ್ ಕಿಡಿಯಿಂದ ಕೊರೆಯುವವರಿಗೆ) ಕಳಿಸಬೇಕಾಗುತ್ತದೆ. ಹಾಗಾಗಿ ಮಿಲ್ಲಿಂಗ್ ಮಷೀನ್ ಇದ್ದವರು ಥ್ರೆಡ್ ಮಿಲ್ ಬಳಸಿ.

ಸೆರಾಮಿಕ್ ಹಾಕಿದ್ರೆ 200 ಮೀಟರ್ ಓಡುತ್ತಂತೆ?

ಓಡುತ್ತದೆ. ಎಳೆ ಸೇರಿಸಿದ ಸೆರಾಮಿಕ್ ಮತ್ತು ಸಯಾಲಾನ್ ಅನ್ನುವ ಇನ್ನೊಂದು ಸೆರಾಮಿಕ್‌ನ ಟಿಪ್‌ಗಳು 200ರಿಂದ 300 ಮೀಟರ್‌ನಲ್ಲಿ ಲೋಹವನ್ನೇ ಮುಂದೆ ಬಿಸಿಮಾಡಿ ಮೆತ್ತಗಾಗಿಸಿ ಕಡಿಯುತ್ತವೆ. ಆದರೆ ಅದಕ್ಕೆ ಅಲುಗಾಡದ ಮಷೀನ್, ಗಟ್ಟಿ ಹಿಡಿತ, ಕರೆಂಟ್ ಭರವಸೆ ಬೇಕು, ಮತ್ತು ಕೊನೆಯ ಪಾಸ್ ಕಾರ್ಬೈಡ್‌ಗೇ ಬಿಡಬೇಕು. ಇಪ್ಪತ್ತು ಪೀಸ್ ಜಾಬ್‌ಗೆ ನಾನು ಆ ಸಾಹಸ ಮಾಡುವುದಿಲ್ಲ.

ಶರಾವತಿ ವಿದ್ಯುತ್ ಕೇಂದ್ರದ ಟರ್ಬೈನ್‌ಗೂ ಇದೇ ಲೋಹಾನಾ?

ಅಲ್ಲ. ಅಲ್ಲಿ ತಿರುಗಿಸುವುದು ನೀರು, ಬಿಸಿ ಎಲ್ಲಿಂದ ಬಂತು? ನೀರಿನ ಟರ್ಬೈನ್ ಚಕ್ರಗಳಿಗೆ ಸಾಮಾನ್ಯವಾಗಿ ಕ್ರೋಮಿಯಂ ಶೇ. 13, ನಿಕ್ಕಲ್ ಶೇ. 4 ಇರುವ ಸ್ಟೇನ್‌ಲೆಸ್ ಉಕ್ಕು. ಟರ್ಬೈನ್ ಅನ್ನುವ ಹೆಸರೊಂದೇ.

ಸುರುಳಿ, ಪುಡಿ ಏನು ಮಾಡೋದು?

ಬೀಡಿನ ಪುಡಿ ಜೊತೆ ಬೆರೆಸಬೇಡಿ. ನಿಕ್ಕಲ್ ಸ್ಕ್ರಾಪ್‌ಗೆ ಒಳ್ಳೆಯ ಬೆಲೆಯಿದೆ, ಗ್ರೇಡ್ ಬರೆದ ಬೇರೆ ಡ್ರಮ್‌ನಲ್ಲಿಟ್ಟರೆ ಮಾತ್ರ. ಸುರುಳಿ ಬ್ಲೇಡಿನಂತೆ ಕೊಯ್ಯುತ್ತದೆ, ಕೊಕ್ಕೆಯಲ್ಲಿ ಎಳೆಯಿರಿ. ಗ್ರೈಂಡಿಂಗ್ ಧೂಳು ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿ, ಮೈ ತುರಿಕೆ ಬರುವವರನ್ನು ಈ ಕೆಲಸದಿಂದ ದೂರವಿಡಿ.

ಸರ್, ಇಷ್ಟೆಲ್ಲ ಆದ್ಮೇಲೆ ರೇಟ್ ಹೇಗೆ ಕೊಡೋದು?

ಗಂಟೆಯ ಲೆಕ್ಕದಲ್ಲಿ ಕೊಟ್ಟರೆ ಕೈ ಸುಟ್ಟುಕೊಳ್ಳುತ್ತೀರಿ. ಒಂದು ಪೀಸ್‌ಗೆ ಒಟ್ಟು ಎಷ್ಟು ನಿಮಿಷ ಕಡಿತ ಅಂತ ಬರೆಯಿರಿ, ಒಂದು ಅಂಚು ಬಾಳುವ ನಿಮಿಷದಿಂದ ಭಾಗಿಸಿ. ಎಷ್ಟು ಅಂಚು ಬೇಕೋ ಗೊತ್ತಾಯಿತು. ಎರಡೂ ಕಡೆ ಬಳಸುವ 80 ಡಿಗ್ರಿ ಟಿಪ್‌ಗೆ ನಾಲ್ಕು ಅಂಚು, ಆದರೆ ಲೆಕ್ಕದಲ್ಲಿ ಮೂರೇ ಹಿಡಿಯಿರಿ, ಒಂದು ಕರೆಂಟಿಗೋ ಕೈತಪ್ಪಿಗೋ ಹೋಗುತ್ತದೆ. ಟ್ರಯಲ್‌ಗೆ ಒಂದು ಪೀಸ್ ಹೆಚ್ಚುವರಿ ಮಟೀರಿಯಲ್ ಕೇಳಿ. ಕೊಡುವುದಿಲ್ಲ ಅಂದರೆ ಅದರ ಬೆಲೆಯನ್ನೂ ರೇಟಿಗೆ ಸೇರಿಸಿ, ಹಾಗೆ ಸೇರಿಸಿದ್ದೇನೆ ಅಂತ ಕೊಟೇಶನ್‌ನಲ್ಲೇ ಬರೆಯಿರಿ.